‘ಯಾವ್ದಾದ್ರೂ ಸರಿ ಸಾರ್’ ಅನ್ನುವವರಿಗೆ: ಸೀರಿಯಲ್, ಸಿನಿಮಾದಲ್ಲಿ ಕೆಲಸ ಹಿಡಿಯುವ ದಾರಿ

ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಫೋನು ಬರುತ್ತದೆ. ನಮ್ಮೂರ ಕಡೆಯವರು ಯಾರೋ ನಂಬರ್ ಕೊಟ್ಟಿರುತ್ತಾರೆ. ‘ಸಾರ್, ಸಿನಿಮಾಗೆ ಸೇರ್ಬೇಕು. ಸೀರಿಯಲ್ ಆದ್ರೂ ಪರವಾಗಿಲ್ಲ.’ ಯಾವ ಕೆಲಸಕ್ಕಪ್ಪಾ ಎಂದರೆ ಆ ಕಡೆ ಒಂದು ಗಳಿಗೆ ಮೌನ. ಆಮೇಲೆ, ‘ಯಾವ್ದಾದ್ರೂ ಸರಿ ಸಾರ್, ಕಷ್ಟಪಡ್ತೀನಿ.’

ಕಷ್ಟಪಡುವವರಿಗೆ ಅಲ್ಲಿ ಬರವಿಲ್ಲ. ‘ಯಾವುದಾದರೂ’ ಎನ್ನುವ ಹೆಸರಿನ ಕೆಲಸ ಯಾವ ಸೆಟ್ಟಿನಲ್ಲೂ ಇಲ್ಲದಿರುವುದೇ ತೊಂದರೆ. ಹದಿನಾಲ್ಕು ವರ್ಷ ಧಾರಾವಾಹಿಗಳ ನಿರ್ದೇಶನ ವಿಭಾಗದಲ್ಲಿ ಓಡಾಡಿದವನು ನಾನು. ಫೋನಿನ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ನಟನೆಯ ಮಾತು ಇದರಲ್ಲಿ ಕಡಿಮೆ. ಕ್ಯಾಮೆರಾ ಹಿಂದೆ ನಿಲ್ಲಲು ಮನಸ್ಸಿರುವವರು ಮುಂದೆ ಓದಿ.

ಅರ್ಜಿ ಹಾಕಿದರೆ ಯಾಕೆ ಕೆಲಸ ಸಿಗುವುದಿಲ್ಲ?

1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ಬಹಳ ಕಾಲ ಕನ್ನಡ ಸಿನಿಮಾದ ಕೆಲಸವೆಂದರೆ ಮದ್ರಾಸಿನ ರೈಲು ಹತ್ತುವುದು ಎಂದೇ ಅರ್ಥ. ಇವತ್ತು ಅಷ್ಟು ದೂರ ಹೋಗಬೇಕಿಲ್ಲ. ಬೆಂಗಳೂರಿನ ಹೊರವಲಯದ ಯಾವುದೋ ಬಾಡಿಗೆ ಬಂಗಲೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಶೂಟಿಂಗ್ ನಡೆದಿರುತ್ತದೆ. ಆದರೆ ಕೆಲಸ ಕೊಡುವ ರೀತಿ ಅಂದಿನದೇ.

ಇದಕ್ಕೆ ಕಾರಣವಿದೆ. ಒಂದು ಸಿನಿಮಾ ಎಂದರೆ ಮುಹೂರ್ತದ ದಿನ ಹುಟ್ಟಿ, ಕುಂಬಳಕಾಯಿ ಒಡೆದ ದಿನ ಚದುರಿಹೋಗುವ ಕಂಪನಿ. ಅದಕ್ಕೆ ನೇಮಕಾತಿ ವಿಭಾಗವಿಲ್ಲ, ತರಬೇತಿ ಕೊಡುವಷ್ಟು ಪುರಸೊತ್ತೂ ಇಲ್ಲ. ಮನೆ ಬಾಡಿಗೆ, ಔಟ್‌ಡೋರ್ ಯೂನಿಟ್, ಕಲಾವಿದರ ಕಾಲ್‌ಶೀಟ್ ಎಲ್ಲವೂ ದಿನದ ಲೆಕ್ಕದಲ್ಲಿ ಓಡುತ್ತವೆ. ಹೊಸಬನೊಬ್ಬ ಒಂದು ಡ್ರೆಸ್ ಮರೆತು ಬಂದರೆ ಇಡೀ ಯೂನಿಟ್ ಟೀ ಕುಡಿಯುತ್ತಾ ಕೂರಬೇಕು. ಹಾಗಾಗಿ ಮ್ಯಾನೇಜರಾಗಲೀ ಅಸೋಸಿಯೇಟ್ ಡೈರೆಕ್ಟರಾಗಲೀ ಫೋನ್ ಮಾಡುವುದು ತಾವು ಒಂದು ದಿನವಾದರೂ ಕೆಲಸ ನೋಡಿದವರಿಗೆ. ಇದನ್ನು ಪಕ್ಷಪಾತ ಎನ್ನುವವರಿದ್ದಾರೆ. ಅದೂ ಇಲ್ಲದಿಲ್ಲ. ಆದರೆ ಹೆಚ್ಚಿನ ಪಾಲು ಭಯ.

ಮೈಸೂರಿನ ವಿ.ಕೆ. ಮೂರ್ತಿ ಅವರ ಕಥೆ ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನ ಎಸ್‌ಜೆಪಿ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಓದಿ ಮುಂಬೈಗೆ ಹೋದವರು. 1951ರ ‘ಬಾಜಿ’ ಚಿತ್ರದಲ್ಲಿ ಅವರಿನ್ನೂ ಸಹಾಯಕ. ಒಂದು ಕಷ್ಟದ ಶಾಟ್ ಹೀಗೆ ತೆಗೆಯಬಹುದು ಎಂದು ಸೂಚಿಸಿ, ತೆಗೆದು ತೋರಿಸಿದರು. ನೋಡಿದ ನಿರ್ದೇಶಕ ಗುರುದತ್ ಮುಂದಿನ ‘ಜಾಲ್’ ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ‘ಪ್ಯಾಸಾ’, ‘ಕಾಗಜ್ ಕೇ ಫೂಲ್’ ಆಮೇಲಿನ ಮಾತು. ನಿಮಗೆ ಅಂಥದೇ ಶಾಟ್ ಸಿಗುತ್ತದೆಂದು ಹೇಳುತ್ತಿಲ್ಲ. ಕೆಲಸ ಮಾಡುವುದನ್ನು ಯಾರಾದರೂ ಕಣ್ಣಾರೆ ನೋಡಬೇಕು, ಅಷ್ಟೆ. ಕೆಳಗಿನ ಹೆಜ್ಜೆಗಳೆಲ್ಲ ಆ ಒಂದು ದಿನವನ್ನು ಗಿಟ್ಟಿಸುವುದಕ್ಕೆ.

ಹೆಜ್ಜೆಗಳಿಗೆ ಮುಂಚೆ ನನ್ನದೊಂದು ಅಭಿಪ್ರಾಯ: ಮೊದಲು ಸೀರಿಯಲ್‌ಗೆ ಹೋಗಿ. ಸಿನಿಮಾ ಕನಸಿನವರಿಗೆ ಇದು ಇಳಿತದಂತೆ ಕಾಣುತ್ತದೆ. ಆದರೆ ಅರ್ಧ ಗಂಟೆಯ ಎಪಿಸೋಡಿನಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷ ಕಥೆ ಉಳಿಯುತ್ತದೆ, ವಾರದಲ್ಲಿ ಐದಾರು ದಿನ ಅದು ಪ್ರಸಾರವಾಗಲೇಬೇಕು. ಚಾನೆಲ್‌ಗೆ ಎಪಿಸೋಡ್ ಬ್ಯಾಂಕಿಂಗ್, ಅಂದರೆ ಮುಂಚೆಯೇ ತೆಗೆದಿಟ್ಟ ಕಂತುಗಳು, ಕಡಿಮೆಯಾದರೆ ಎಲ್ಲರ ಫೋನೂ ಬಡಿದುಕೊಳ್ಳುತ್ತದೆ. ಆ ಒತ್ತಡದಲ್ಲಿ ಆರು ತಿಂಗಳು ಕಳೆದವನು ಕಲಿಯುವುದನ್ನು, ಎರಡು ವರ್ಷ ಎಳೆಯುವ ಸಿನಿಮಾದಲ್ಲಿ ಅರವತ್ತು ದಿನ ಕೆಲಸ ಮಾಡಿ ಉಳಿದ ದಿನ ಕಾಯುವವನು ಕಲಿಯಲಾರ.

ಹೆಜ್ಜೆಗಳು

1. ಒಂದು ವಿಭಾಗವನ್ನು ಹೆಸರು ಹಿಡಿದು ಆರಿಸಿ. ನಿರ್ದೇಶನ, ಕ್ಯಾಮೆರಾ, ಧ್ವನಿ, ಎಡಿಟಿಂಗ್, ಕಲೆ, ಕಾಸ್ಟ್ಯೂಮ್, ಮೇಕಪ್, ಪ್ರೊಡಕ್ಷನ್, ಬರವಣಿಗೆ. ನಿಮಗೆ ಈಗಾಗಲೇ ಕೈಗೆ ಬಂದಿರುವುದು ಏನೆಂದು ನೋಡಿಕೊಳ್ಳಿ. ಬಡಗಿ ಕೆಲಸ ಗೊತ್ತಿರುವವನಿಗೆ ಕಲಾ ವಿಭಾಗ, ಹೊಲಿಗೆ ಬಲ್ಲವಳಿಗೆ ಕಾಸ್ಟ್ಯೂಮ್, ಅಂಗಡಿಯ ಲೆಕ್ಕ ಬರೆದು ರೂಢಿಯಿರುವವನಿಗೆ ಪ್ರೊಡಕ್ಷನ್. ಕ್ಯಾಮೆರಾ ಕಡೆ ಹೋಗುವವರು ಉಪಕರಣ ಬಾಡಿಗೆಗೆ ಕೊಡುವ ಯೂನಿಟ್‌ಗಳಲ್ಲಿ ಅಟೆಂಡರ್ ಆಗಿ ಸೇರಿ, ಲೆನ್ಸ್ ಒರೆಸುವುದರಿಂದ ಫೋಕಸ್ ಹಿಡಿಯುವವರೆಗೆ ಬರುವುದು ಹಳೆಯ ದಾರಿ, ಈಗಲೂ ನಡೆಯುತ್ತಿರುವ ದಾರಿ.

2. ಒಂದು ಎಪಿಸೋಡನ್ನು ಬಿಚ್ಚಿ ನೋಡಿ. ನಿರ್ದೇಶನ ವಿಭಾಗಕ್ಕೆ ಬರುವವರು ಇದನ್ನು ಬಿಡಲೇಬೇಡಿ. ಯಾವುದಾದರೂ ಧಾರಾವಾಹಿಯ ಒಂದು ಕಂತನ್ನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ, ಪ್ರತಿ ದೃಶ್ಯಕ್ಕೂ ಬರೆದುಕೊಳ್ಳಿ: ಜಾಗ ಯಾವುದು, ಹಗಲೋ ರಾತ್ರಿಯೋ, ಯಾರು ಯಾರಿದ್ದಾರೆ, ಯಾವ ಬಟ್ಟೆ, ಕೈಯಲ್ಲಿ ಯಾವ ವಸ್ತು. ಆಮೇಲೆ ಅದನ್ನು ಕಥೆಯ ಕ್ರಮ ಬಿಟ್ಟು ಜಾಗದ ಕ್ರಮದಲ್ಲಿ ಮತ್ತೆ ಜೋಡಿಸಿ. ಹಾಲಿನ ದೃಶ್ಯಗಳೆಲ್ಲ ಒಂದೆಡೆ, ಅಡುಗೆಮನೆಯವು ಒಂದೆಡೆ, ರಸ್ತೆಯವು ಕೊನೆಗೆ. ಶೂಟಿಂಗ್ ನಡೆಯುವುದು ಹೀಗೆಯೇ. ಹಾಲಿಗೆ ಒಮ್ಮೆ ಲೈಟ್ ಜೋಡಿಸಿದ ಮೇಲೆ ಅಲ್ಲಿನದೆಲ್ಲ ಮುಗಿಸಿಯೇ ಕದಲುವುದು ಉಳಿತಾಯ. ಬ್ರೇಕ್‌ಡೌನ್ ಎನ್ನುವುದು ಇದನ್ನೇ, ಮೂರು ಸಂಜೆಯ ಕೆಲಸ. ಕೆಲಸ ಕೇಳಲು ಹೋದಾಗ ಬಯೋಡೇಟಾ ಬದಲು ಈ ಹಾಳೆಗಳನ್ನು ಮುಂದಿಟ್ಟವರು ನನ್ನ ಅನುಭವದಲ್ಲಿ ಇಬ್ಬರೇ. ಇಬ್ಬರೂ ಮರುದಿನ ಸೆಟ್ಟಿನಲ್ಲಿದ್ದರು.

3. ಕಂಟಿನ್ಯುಟಿ ನೋಟ್‌ಬುಕ್ ಬರೆಯಲು ಕಲಿಯಿರಿ. ಕಥೆ ಹಿಂದೆಮುಂದಾಗಿ ಚಿತ್ರೀಕರಣವಾಗುವುದರಿಂದಲೇ ಈ ಕೆಲಸ ಹುಟ್ಟಿದೆ. ನಾಯಕಿ ಮಳೆಯಲ್ಲಿ ನೆನೆದು ಬರುವ ರಸ್ತೆಯ ದೃಶ್ಯ ಗುರುವಾರ, ಅವಳು ಒಳಗೆ ಬಂದು ಅಳುವ ಹಾಲಿನ ದೃಶ್ಯ ಸೋಮವಾರವೇ ಮುಗಿದಿದೆ. ಸೋಮವಾರ ಅವಳ ಕೂದಲು ಎಷ್ಟು ಒದ್ದೆಯಿತ್ತು? ಬ್ಯಾಗು ಯಾವ ಹೆಗಲಿಗೆ? ತಾಳಿ ಸೆರಗಿನ ಮೇಲೋ ಒಳಗೋ? ಗುರುವಾರ ಇದನ್ನೆಲ್ಲ ಹೇಳಬೇಕಾದವರು ನೀವು.

ಮೊಬೈಲಿನಲ್ಲಿ ಫೋಟೊ ತೆಗೆದರಾಯಿತಲ್ಲ ಎನ್ನುತ್ತಾರೆ ಈಗಿನ ಹುಡುಗರು. ತೆಗೆಯಿರಿ, ಬೇಕು. ಆದರೆ ಫೋಟೊ ‘ಏನು’ ಎಂದು ಹೇಳುತ್ತದೆ, ‘ಯಾವಾಗ’ ಎಂದು ಹೇಳುವುದಿಲ್ಲ. ವೈಡ್ ಶಾಟಿನಲ್ಲಿ ಮಾವನವರು ‘ಈ ಮನೇಲಿ’ ಎನ್ನುವಾಗ ಕಾಫಿ ಲೋಟ ಎತ್ತಿದರು, ‘ಇರ್ಬೇಕು ಅಂದ್ರೆ’ ಎನ್ನುವಾಗ ಕೆಳಗಿಟ್ಟರು. ಕ್ಲೋಸಪ್ಪಿನಲ್ಲಿ ಆ ಲೋಟ ಮೊದಲಿನಿಂದ ಕೊನೆಯವರೆಗೂ ಮೇಜಿನ ಮೇಲೇ ಇದ್ದರೆ ಎಡಿಟರ್ ಆ ಮಾತಿನ ಮಧ್ಯೆ ಕತ್ತರಿಸುವಂತಿಲ್ಲ. ಕತ್ತರಿಸಿದರೆ ಲೋಟ ಹಾರುತ್ತದೆ. ಆದ್ದರಿಂದ ಸಂಭಾಷಣೆಯ ಪ್ರತಿಯಲ್ಲಿ ಆಯಾ ಪದದ ಮೇಲೇ ಗುರುತು ಹಾಕಿ: ಇಲ್ಲಿ ಎತ್ತಿದರು, ಇಲ್ಲಿ ತಿರುಗಿದರು, ಇಲ್ಲಿ ಎದ್ದರು. ಲೋಟದಲ್ಲಿ ಕಾಫಿ ಎಷ್ಟಿತ್ತು ಎಂಬುದೂ ಇರಲಿ. ಗೋಡೆ ಗಡಿಯಾರದ ಸೆಲ್ ತೆಗೆದು, ದೃಶ್ಯಕ್ಕೆ ಬೇಕಾದ ಹೊತ್ತಿಗೆ ಮುಳ್ಳು ನಿಲ್ಲಿಸುವುದೂ ನಿಮ್ಮದೇ ಜವಾಬ್ದಾರಿ.

ನನ್ನ ಮೊದಲ ವರ್ಷದ ಒಂದು ಪಾತ್ರಕ್ಕೆ ಕೈಗೆ ಗಾಯ. ಬ್ಯಾಂಡೇಜು ಎಂದು ಬರೆದುಕೊಂಡೆ, ಯಾವ ಕೈ ಎಂದು ಬರೆಯಲಿಲ್ಲ. ಮುಂದಿನ ಶೆಡ್ಯೂಲಿಗೆ ಗಾಯ ಎಡಗೈಯಿಂದ ಬಲಗೈಗೆ ನಡೆದುಹೋಗಿತ್ತು. ನಿರ್ದೇಶಕರು ಬೈಯಲಿಲ್ಲ. ಅರ್ಧ ದಿನದ ಕೆಲಸ ಮತ್ತೆ ಮಾಡಿಸಿದರು. ಬೈದಿದ್ದರೇ ವಾಸಿಯಿತ್ತು.

4. ಕ್ಲ್ಯಾಪ್ ಹೊಡೆಯುವುದನ್ನು ಸಣ್ಣದೆನ್ನಬೇಡಿ. ಚಿತ್ರ ಒಂದು ಯಂತ್ರದಲ್ಲಿ, ಧ್ವನಿ ಇನ್ನೊಂದರಲ್ಲಿ ದಾಖಲಾಗುತ್ತದೆ. ಹಲಗೆಗಳು ಕೂಡಿದ ಫ್ರೇಮು ಮತ್ತು ‘ಟಕ್’ ಎಂದ ಸದ್ದಿನ ಮೊನೆ, ಇವೆರಡನ್ನು ಎಡಿಟರ್ ಒಂದರ ಮೇಲೊಂದು ಕೂರಿಸಿದಾಗ ತುಟಿಗೂ ಮಾತಿಗೂ ಹೊಂದಿಕೆಯಾಗುತ್ತದೆ. ಬೋರ್ಡು ಫ್ರೇಮಿನೊಳಗೆ ಇರಲಿ, ದೃಶ್ಯ, ಶಾಟ್, ಟೇಕ್ ಸಂಖ್ಯೆ ಸ್ಪಷ್ಟವಿರಲಿ, ಹೊಡೆದ ಮೇಲೆ ಅರೆಗಳಿಗೆ ಅಲುಗಾಡದೆ ಹಿಡಿಯಿರಿ. ಕ್ಲೋಸಪ್ಪಿನಲ್ಲಿ ಕಲಾವಿದರ ಮೂಗಿನ ಮುಂದೆ ಪಟಾಕಿಯಂತೆ ಹೊಡೆಯಬೇಡಿ. ಅಳುವ ದೃಶ್ಯಕ್ಕೆ ಮನಸ್ಸು ಕಟ್ಟಿಕೊಂಡು ಕೂತವರು ಬೆಚ್ಚಿದರೆ ಮತ್ತೆ ಹತ್ತು ನಿಮಿಷ ಹೋಯಿತು.

5. ಕೇಳಬೇಕಾದವರನ್ನು ಕೇಳಿ. ನಿರ್ದೇಶಕರ ಮನೆ ಬಾಗಿಲು ಕಾಯುವುದು ವ್ಯರ್ಥ. ಸಹಾಯಕರನ್ನು ತೆಗೆದುಕೊಳ್ಳುವುದು ಸಾಮಾನ್ಯವಾಗಿ ಅಸೋಸಿಯೇಟ್ ಅಥವಾ ಕೋ-ಡೈರೆಕ್ಟರ್. ಅವರ ಹೆಸರು ಪ್ರತಿ ಎಪಿಸೋಡಿನ ಟೈಟಲ್ ಕಾರ್ಡಿನಲ್ಲಿ ಇರುತ್ತದೆ. ಕೇಳುವಾಗ ಮಾತು ಚಿಕ್ಕದಿರಲಿ: ‘ಸಾರ್, ಕಂಟಿನ್ಯುಟಿ ಬರೀತೀನಿ, ಕನ್ನಡ ಟೈಪಿಂಗ್ ಬರುತ್ತೆ, ಒಂದು ಎಪಿಸೋಡ್ ಬ್ರೇಕ್‌ಡೌನ್ ಮಾಡಿದೀನಿ. ಯಾರಾದ್ರೂ ರಜಾ ಹಾಕಿದ ದಿನ ಕರೀರಿ.’ ಕೊನೆಯ ವಾಕ್ಯವೇ ಬೀಗದ ಕೈ. ಖಾಯಂ ಜಾಗ ಕೇಳಿದರೆ ‘ನೋಡೋಣ’ ಎನ್ನುತ್ತಾರೆ. ರಜೆಯ ದಿನ ಎಲ್ಲ ಯೂನಿಟ್ಟಿನಲ್ಲೂ ಬರುತ್ತದೆ.

ಹೆಚ್ಚು ಜನ ನೋಡದ ಎರಡು ಬಾಗಿಲು

ಒಂದು, ಡಬ್ಬಿಂಗ್ ಬರವಣಿಗೆ. ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗುವುದಕ್ಕೆ ದಶಕಗಳ ಕಾಲ ಇಲ್ಲಿ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ನಿಧಾನವಾಗಿ ದಾರಿ ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಡಬ್ ಆದ ಪೌರಾಣಿಕ ಧಾರಾವಾಹಿಗಳು ಮನೆಮನೆ ಸೇರಿದವು. ಡಬ್ಬಿಂಗ್ ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ಕನ್ನಡ ಚೆನ್ನಾಗಿ ಬಲ್ಲವರಿಗೆ ಅಲ್ಲಿ ಕೆಲಸವಿದೆ.

ಆದರೆ ಅದು ಬರೀ ಅನುವಾದದ ಕೆಲಸವಲ್ಲ. ಪ, ಫ, ಬ, ಭ, ಮ ಹೇಳುವಾಗ ತುಟಿ ಕೂಡಲೇಬೇಕು, ಉಳಿದ ವ್ಯಂಜನಗಳಿಗೆ ಕೂಡಬೇಕಿಲ್ಲ. ತೆರೆಯ ಮೇಲೆ ನಟಿ ಹಿಂದಿಯಲ್ಲಿ ‘ನಹೀ’ ಎನ್ನುತ್ತಿದ್ದಾಳೆ, ತುಟಿ ಕೂಡುವುದೇ ಇಲ್ಲ. ಅರ್ಥಕ್ಕೆ ‘ಬೇಡ’ ಎಂದೇ ಇರಬೇಕಾದ ಕಡೆಯೂ ‘ಬೇಡ’ ಬರೆದರೆ ಕಣ್ಣಿಗೆ ಹೊಡೆಯುತ್ತದೆ, ‘ಇಲ್ಲ’ ಎಂದರೆ ಕೂರುತ್ತದೆ. ಹಾಗಾಗಿ ವಾಕ್ಯವನ್ನೇ ‘ಇಲ್ಲ’ ಬರುವಂತೆ ತಿರುಗಿಸಬೇಕು. ಕ್ಲೋಸಪ್ಪಿನಲ್ಲಿ ಇದು ಕಟ್ಟುನಿಟ್ಟು. ಬೆನ್ನು ಮಾಡಿ ನಿಂತ ಪಾತ್ರಕ್ಕೆ ಏನು ಬರೆದರೂ ನಡೆಯುತ್ತದೆ, ಕ್ರಿಯಾಪದ ಕೊನೆಗೆ ಬರುವ ನಮ್ಮ ಉದ್ದ ವಾಕ್ಯಗಳನ್ನು ಅಲ್ಲಿ ಮುಗಿಸಿಕೊಳ್ಳಬಹುದು. ಹಿಂದಿ ಅಥವಾ ತೆಲುಗಿನ ಎರಡು ನಿಮಿಷದ ಒಂದು ದೃಶ್ಯ ತೆಗೆದುಕೊಂಡು ಸದ್ದು ಮುಚ್ಚಿ, ತುಟಿ ನೋಡುತ್ತಾ ಕನ್ನಡ ಬರೆದು ನೋಡಿ. ಮೂರನೇ ದೃಶ್ಯಕ್ಕೆ ಕೈ ಕುದುರುತ್ತದೆ.

ಇನ್ನೊಂದು, ಡೇಟಾ. ಫಿಲ್ಮ್ ಹೋಗಿ ಮೆಮೊರಿ ಕಾರ್ಡ್ ಬಂದ ಮೇಲೆ ಹುಟ್ಟಿದ ಕೆಲಸ. ಕ್ಯಾಮೆರಾದಿಂದ ಬಂದ ಕಾರ್ಡನ್ನು ಎರಡು ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಕ್ಲಿಪ್‌ಗಳನ್ನು ತೆರೆದು ನೋಡಿ, ಆಮೇಲೆ ಮಾತ್ರ ಫಾರ್ಮ್ಯಾಟಿಗೆ ಕೊಡಬೇಕು. ಎರಡೂ ಡಿಸ್ಕನ್ನು ಒಂದೇ ಬ್ಯಾಗಿನಲ್ಲಿ ಹಾಕಿ ಒಂದೇ ಬೈಕಿನಲ್ಲಿ ಕಳಿಸಿದರೆ ಎರಡು ಕಾಪಿ ಮಾಡಿ ಉಪಯೋಗವಿಲ್ಲ. ಕಂಪ್ಯೂಟರ್ ಬಲ್ಲ ನಿಧಾನಸ್ಥರಿಗೆ ಇದು ಒಳ್ಳೆಯ ಪ್ರವೇಶ. ಅಲ್ಲಿಂದ ಎಡಿಟಿಂಗ್ ಟೇಬಲ್ ಹತ್ತಿರ.

ಓದಿ ಬರಬೇಕೇ?

ಕ್ಯಾಮೆರಾ ಮತ್ತು ಧ್ವನಿಗೆ ಓದು ನಿಜಕ್ಕೂ ನೆರವಾಗುತ್ತದೆ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಮೂಲ ಎಸ್‌ಜೆಪಿಯೇ. ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಅಲ್ಲಿ ಓದಿದವರು. ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಗಿರೀಶ ಕಾಸರವಳ್ಳಿ ಪುಣೆಯಲ್ಲಿ ಕಲಿತವರು. ನಟನೆಗಾದರೆ ಹೆಗ್ಗೋಡಿನ ನೀನಾಸಂನಂಥ ಕಡೆ ಒಂದು ವರ್ಷ ಕಳೆಯುವುದಕ್ಕೆ ಸಮನಾದದ್ದಿಲ್ಲ. ಪ್ರೊಡಕ್ಷನ್‌ಗೆ ಯಾವ ಕೋರ್ಸೂ ಬೇಕಿಲ್ಲ. ಮೂರು ತಿಂಗಳಲ್ಲಿ ನಿರ್ದೇಶಕರನ್ನಾಗಿ ಮಾಡುತ್ತೇವೆಂದು ಲಕ್ಷ ಕೇಳುವ ಕಡೆ ಹೋಗುವ ಮುಂಚೆ, ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತಾಡಿ.

ದುಡ್ಡಿನ ಲೆಕ್ಕ

ಎರಡು ಪದ ಕೇಳಿರುತ್ತೀರಿ, ಬತ್ತಾ ಮತ್ತು ಪೇಮೆಂಟ್. ಬತ್ತಾ ಎಂದರೆ ದಿನದ ಖರ್ಚಿಗೆ ಕೈಗೆ ಬರುವುದು. ಪೇಮೆಂಟ್ ನಿಧಾನ. ಚಾನೆಲ್ಲಿನಿಂದ ನಿರ್ಮಾಪಕರಿಗೆ ಹಣ ಬರುವುದೇ ತಡವಾಗಿ, ಅದರ ಹಿಂದೆ ನಿಮ್ಮದು. ಆರು ತಿಂಗಳ ಊಟ, ರೂಮಿನ ಬಾಡಿಗೆಗೆ ಕೈಯಲ್ಲಿ ಇಟ್ಟುಕೊಂಡೇ ಬೆಂಗಳೂರಿಗೆ ಬನ್ನಿ, ಇಲ್ಲವೇ ಬಿಡುವಿನಲ್ಲಿ ಮಾಡಬಹುದಾದ ಇನ್ನೊಂದು ಕೆಲಸ ಇಟ್ಟುಕೊಳ್ಳಿ. ರಿಷಬ್ ಶೆಟ್ಟಿ ನೀರಿನ ಕ್ಯಾನ್ ಮಾರಿದ್ದನ್ನು, ಕ್ಲ್ಯಾಪ್ ಹಿಡಿದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಜನ ಆ ಕಥೆಯ ಕೊನೆಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನಿಮಗೆ ಬೇಕಾದದ್ದು ಮಧ್ಯದ ಭಾಗ.

ಮಾತುಕತೆಯನ್ನು ಬರಹಕ್ಕೆ ತನ್ನಿ. ಸಿನಿಮಾ ಕೆಲಸಗಾರರ ಜೊತೆ ಲಿಖಿತ ಒಪ್ಪಂದ ಇರಬೇಕೆಂದು 1981ರಲ್ಲೇ ಕೇಂದ್ರದ ಕಾಯ್ದೆ ಬಂದಿತ್ತು, ಕಾರ್ಮಿಕ ಸಂಹಿತೆಯಲ್ಲೂ ಆ ಮಾತಿದೆ. ಹೊಸಬರಿಗೆ ಒಪ್ಪಂದದ ಹಾಳೆ ಯಾರೂ ತಂದುಕೊಡುವುದಿಲ್ಲ, ಅದು ನಿಜ. ಕನಿಷ್ಠ ಮ್ಯಾನೇಜರಿಗೆ ಒಂದು ವಾಟ್ಸ್ಯಾಪ್ ಹಾಕಿ: ‘ಸಾರ್, ನೀವು ಹೇಳಿದಂತೆ ತಿಂಗಳಿಗೆ ಇಷ್ಟು, ಇಂಥ ದಿನದಿಂದ, ದಿನದ ಬತ್ತಾ ಇಷ್ಟು.’ ಅವರು ‘ಓಕೆ’ ಎಂದರೆ ಸಾಕು. ಕೆಲಸ ಮಾಡಿದ ದಿನಗಳನ್ನು ತಾರೀಖು ಹಾಕಿ ಬರೆದಿಡಿ. ಟಿಡಿಎಸ್ ಹಿಡಿದಿದ್ದರೆ ಪ್ರಮಾಣಪತ್ರ ಕೇಳಿ. ಆದಾಯ ಕಡಿಮೆಯಿದ್ದವರು ರಿಟರ್ನ್ಸ್ ಸಲ್ಲಿಸಿದರೆ ಆ ಹಣ ವಾಪಸು ಬರುತ್ತದೆ, ಎಷ್ಟೋ ಜನ ಕೇಳುವುದೇ ಇಲ್ಲ. ರಾಜ್ಯದಲ್ಲಿ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾಯ್ದೆಯಾಗಿದೆ. ನಿಮ್ಮ ವಿಭಾಗದ ಸಂಘದ ಸದಸ್ಯತ್ವಕ್ಕೆ ಏನು ಬೇಕೆಂದು ಮೊದಲ ವರ್ಷದಲ್ಲೇ ವಿಚಾರಿಸಿಟ್ಟುಕೊಳ್ಳಿ.

ಎಚ್ಚರಿಕೆ

1989ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. 2016ರ ನವೆಂಬರಿನಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಇಬ್ಬರು ನಟರು ಮುಳುಗಿದರು. ಲೈಫ್ ಜಾಕೆಟ್ ಅವರ ಮೈಮೇಲಿರಲಿಲ್ಲ. ಆದ್ದರಿಂದ ಹೊಸ ಜಾಗಕ್ಕೆ ಹೋದ ಕೂಡಲೇ ಎರಡನೇ ಬಾಗಿಲು ಎಲ್ಲಿದೆ ನೋಡಿಕೊಳ್ಳಿ. ನೀರಿನ ಹತ್ತಿರ, ಎತ್ತರದಲ್ಲಿ, ನೆಲದ ಮೇಲೆ ಹರಡಿದ ಕೇಬಲ್ಲು ಒದ್ದೆಯಾಗಿರುವ ಕಡೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ’ ಎಂದರೆ ಒಪ್ಪಬೇಡಿ. ಕೆಲಸ ಹೋದರೆ ಹೋಗಲಿ.

ಪಾತ್ರಕ್ಕೆ, ಆಡಿಷನ್‌ಗೆ, ‘ರಿಜಿಸ್ಟ್ರೇಷನ್’ಗೆ ದುಡ್ಡು ಕೇಳಿದವರು ಸಿನಿಮಾ ಮಾಡುವವರಲ್ಲ. ಕೆಲಸ ಕೊಡುವವನು ದುಡ್ಡು ಕೊಡುತ್ತಾನೆ.

ಹೆಣ್ಣುಮಕ್ಕಳು ಗಮನಿಸಿ: ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಯಾವುದೇ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಎನ್ನುತ್ತದೆ 2013ರ ಕಾಯ್ದೆ. ಶೂಟಿಂಗ್ ಮನೆಯೂ ಕೆಲಸದ ಜಾಗವೇ. ಸಮಿತಿ ಇಲ್ಲದ ಕಡೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದಕ್ಕಿಂತ ಮೊದಲೇ ಕೇಳಬೇಕಾದ ಎರಡು ಪ್ರಶ್ನೆ: ರಾತ್ರಿ ಪ್ಯಾಕಪ್ ಆದ ಮೇಲೆ ಮನೆಗೆ ಬಿಡುವ ಗಾಡಿ ಇದೆಯೇ, ಶೌಚಾಲಯ ಎಲ್ಲಿದೆ. ಎರಡಕ್ಕೂ ತಡವರಿಸಿದ ಕಡೆ ಉಳಿದದ್ದೂ ಹಾಗೇ ಇರುತ್ತದೆ.

ಹೊಸಬರು ಮಾಡುವ ತಪ್ಪುಗಳು

- ಸೆಟ್ಟಿನಲ್ಲಿ ಸೆಲ್ಫಿ ತೆಗೆದು ಸ್ಟೇಟಸ್ ಹಾಕುವುದು. ಮುಂದಿನ ವಾರದ ಮದುವೆ ದೃಶ್ಯ ನಿಮ್ಮ ಚಿಕ್ಕಮ್ಮನಿಗೆ ಇವತ್ತೇ ಗೊತ್ತಾಗುತ್ತದೆ. ನನ್ನ ಕಣ್ಣೆದುರೇ ಇಬ್ಬರು ಇದಕ್ಕೆ ಕೆಲಸ ಕಳೆದುಕೊಂಡರು.
- ನಿರ್ದೇಶಕರಿಗೆ ಎಲ್ಲರೆದುರು ತಪ್ಪು ತೋರಿಸುವುದು. ತಪ್ಪು ಕಂಡರೆ ಹೇಳಲೇಬೇಕು, ಅಸೋಸಿಯೇಟ್ ಕಿವಿಯಲ್ಲಿ, ಟೇಕ್‌ಗೆ ಮುಂಚೆ.
- ಗೊತ್ತಿಲ್ಲದ್ದಕ್ಕೆ ‘ಹ್ಞೂಂ ಸಾರ್’ ಎನ್ನುವುದು. ಬ್ಯಾಂಡೇಜಿನ ಕಥೆ ಶುರುವಾದದ್ದು ಹಾಗೆಯೇ.
- ಎರಡನೇ ವಾರಕ್ಕೇ ಜೇಬಿನಿಂದ ಸ್ವಂತ ಕಥೆ ತೆಗೆಯುವುದು. ಕಥೆ ಇರಲಿ. ಊಟದ ಹೊತ್ತಿನಲ್ಲಿ ಅವರಾಗಿ ಕೇಳುವ ದಿನ ಬರುತ್ತದೆ, ಅಷ್ಟರಲ್ಲಿ ಅದು ನಿಮಗೇ ಎರಡು ಸಲ ಬದಲಾಗಿರುತ್ತದೆ.
- ಲೈಟ್‌ಮನ್ನುಗಳನ್ನು, ಪ್ರೊಡಕ್ಷನ್ ಹುಡುಗರನ್ನು ಹೆಸರಿಲ್ಲದೆ ಕೂಗುವುದು. ಎಲ್ಲಿ ಹೊಸ ಶೂಟಿಂಗ್ ಶುರುವಾಗುತ್ತಿದೆ, ಯಾರು ಪೇಮೆಂಟ್ ಸರಿಯಾಗಿ ಕೊಡುತ್ತಾರೆ ಎಂಬುದು ನಿರ್ದೇಶಕರಿಗಿಂತ ಮೊದಲು ಇವರಿಗೆ ಗೊತ್ತಿರುತ್ತದೆ.

ಮೊದಲ ದಿನದ ಬ್ಯಾಗು

ಕಾಲ್ ಟೈಮ್ ಏಳು ಎಂದರೆ ಆರೂವರೆಗೆ ಅಲ್ಲಿರಿ. ರೂಲ್ ಇಲ್ಲದ ಗಟ್ಟಿ ರಟ್ಟಿನ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಬೋರ್ಡಿಗೆ ಮಾರ್ಕರ್ ಮತ್ತು ಒರೆಸಲು ಹಳೆಯ ಬನಿಯನ್ ಚೂರು, ಸಣ್ಣ ಟಾರ್ಚು, ಪವರ್ ಬ್ಯಾಂಕು. ಸದ್ದು ಮಾಡದ ಚಪ್ಪಲಿ, ಏಕೆಂದರೆ ಟೇಕ್ ನಡೆಯುವಾಗಲೇ ನೀವು ಓಡಬೇಕಾಗುತ್ತದೆ. ಮೊಬೈಲನ್ನು ಸೈಲೆಂಟಿನಲ್ಲಿ ಇಟ್ಟರೆ ಸಾಲದು, ಟೇಕ್ ಹೊತ್ತಿಗೆ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಅದರ ಸಿಗ್ನಲ್ ಕೆಲವೊಮ್ಮೆ ಮೈಕಿನಲ್ಲಿ ಗೊರಗುಡುತ್ತದೆ. ಒಂದು ಡಜನ್ ಸೇಫ್ಟಿ ಪಿನ್ನು ಇರಲಿ. ಸೀರೆ ಉಡುವ ಕಲಾವಿದೆಯರಿರುವ ಸೆಟ್ಟಿನಲ್ಲಿ ಮಧ್ಯಾಹ್ನದೊಳಗೆ ಯಾರಾದರೂ ಪಿನ್ನು ಕೇಳಿಯೇ ಕೇಳುತ್ತಾರೆ, ಆ ಹೊತ್ತಿಗೆ ನಿಮ್ಮ ಹೆಸರೂ ಕೇಳುತ್ತಾರೆ.